ಇವರ ಹೆಸರಿನಲ್ಲಿದ್ದ ಗೊರಕೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಗೊರಕೆ ಹೊಡೆಯುತ್ತೇನೆ. ಮೂರೇ ಪದದ ಈ ವಾಕ್ಯವನ್ನು ಹೇಳಲು ನನಗೆ ಇಪ್ಪತ್ತೇಳು ವರ್ಷ ಹಿಡಿಯಿತು. ಗಂಡಸರು ಇದೇ ಮಾತನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಾಲ್ಕು ಜನರಿಗೆ ಕೇಳುವ ಹಾಗೆ ಹೇಳುತ್ತಾರೆ. "ನಾನು ಮಲಗಿದ್ರೆ ಮಾಡಿನ ಹಂಚು ಹಾರ್ತದೆ ಮಾರಾಯ" ಎಂದವನ ಬೆನ್ನು ತಟ್ಟಿ ನಗುವವರಿದ್ದಾರೆ. ಹೆಂಗಸರ ವಿಷಯ ಹಾಗಲ್ಲ. ಹೆಂಗಸರಿಗೆ ತಲೆನೋವು ಬರಬಹುದು, ಸೊಂಟ ಹಿಡಿಯಬಹುದು, ಮೈಮೇಲೆ ದೇವರೂ ಬರಬಹುದು. ಗೊರಕೆ ಮಾತ್ರ ಬರಕೂಡದು. ಪುರಾಣದ ರಾಕ್ಷಸರು ಗೊರಕೆ ಹೊಡೆದರೆ ಕಾಡಿನ ಆನೆಗಳು ಹೆದರಿ ಓಡುತ್ತಿದ್ದವಂತೆ. ರಾಕ್ಷಸಿಯರಿಗೆ ಕೋರೆಹಲ್ಲು, ಕೆದರಿದ ಕೂದಲು ಎಲ್ಲವನ್ನೂ ಕೈಬಿಚ್ಚಿ ಕೊಟ್ಟ ಕವಿಗಳು ಗೊರಕೆ ಕೊಟ್ಟದ್ದನ್ನು ನಾನು ಎಲ್ಲೂ ಓದಿಲ್ಲ. ಅಷ್ಟೊಂದು ಕೆಟ್ಟವಳಾಗಿರಲು ಯಾವ ರಾಕ್ಷಸಿಗೂ ಸಾಧ್ಯವಿಲ್ಲ ಎಂದು ಅವರಿಗೆ ಅನ್ನಿಸಿರಬೇಕು.

ನಮ್ಮ ಮನೆಯಲ್ಲಿ ಏನಾಗಿತ್ತೆಂದರೆ, ನನ್ನ ಗೊರಕೆ ಇವರ ಹೆಸರಿನಲ್ಲಿತ್ತು. ಇವರು ಎಂದರೆ ನಮ್ಮ ಯಜಮಾನರು. ನನ್ನ ವಯಸ್ಸಿನವರು ಗಂಡನ ಹೆಸರು ಹೇಳುವುದು ಕಡಿಮೆ, ಆದರೆ ಈ ಕಥೆಯಲ್ಲಿ ಹೆಸರಿನದ್ದೇ ಗೋಜಲು ಇರುವುದರಿಂದ ಒಮ್ಮೆ ಹೇಳಿಬಿಡುತ್ತೇನೆ: ಮಂಜಪ್ಪ. ಕೊಪ್ಪದಲ್ಲಿ ಸೊಸೈಟಿಯೊಂದರ ಗುಮಾಸ್ತರು. ಕಡ್ಡಿಯ ಹಾಗಿದ್ದಾರೆ. ಮಲಗಿದರೆ ಇದ್ದಾರೋ ಇಲ್ಲವೋ ಎಂದು ಕೈಯಾಡಿಸಿ ನೋಡಬೇಕು, ಅಷ್ಟು ಸದ್ದಿಲ್ಲದ ನಿದ್ದೆ. ಮದುವೆಯಾದ ಹೊಸತರಲ್ಲಿ ನಾವು ಜಯಪುರದ ಹತ್ತಿರ ಇವರ ಅಣ್ಣನ ಮನೆಯಲ್ಲಿದ್ದೆವು. ಒಂದು ಬೆಳಿಗ್ಗೆ ಅತ್ತೆ ಕಾಫಿ ಕೊಡುತ್ತ, "ರಾತ್ರಿ ಎಂತದೋ ಗರಗಸ ಎಳ್ದಂಗೆ ಸದ್ದು ಬರ್ತಿತ್ತಲ, ಎಂತದದು?" ಎಂದರು. ನಾನು ಲೋಟದೊಳಗೆ ಮುಖ ಇಟ್ಟು ಕೂತೆ. ಇವರು ನನ್ನತ್ತ ಒಮ್ಮೆ ನೋಡಿ, "ನೆಗಡಿ ಆಗಿದೆ ಅಮ್ಮ ನಂಗೆ" ಎಂದರು. ಆ ನೆಗಡಿ ಇಪ್ಪತ್ತೇಳು ವರ್ಷ ಇತ್ತು.

ತೋಟವನ್ನು ಹೆಂಡತಿಯ ಹೆಸರಿಗೆ ಮಾಡಿಸಿದವರನ್ನು ಕಂಡಿದ್ದೇನೆ. ಹೆಂಡತಿಯ ಗೊರಕೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡವರು ನಮ್ಮ ತಾಲ್ಲೂಕಿನಲ್ಲಿ ಇವರೊಬ್ಬರೇ ಇರಬೇಕು. ಅದರಿಂದ ಇವರಿಗಾದ ಲಾಭವೆಂದರೆ, ನೆಂಟರ ಮನೆಗೆ ಹೋದಾಗಲೆಲ್ಲ "ಮಂಜಪ್ಪಂಗೆ ಜಗಲಿ ಮೇಲೆ ಹಾಸ್ರೋ" ಎನ್ನುತ್ತಿದ್ದರು. ಮಾಘಮಾಸದ ಚಳಿಯಲ್ಲೂ ಇವರು ಜಗಲಿಯಲ್ಲಿ ಮುದುಡಿ ಮಲಗಿದ್ದುಂಟು. ನಾನು ಒಳಗೆ ಹೆಂಗಸರ ಮಧ್ಯೆ ಬೆಚ್ಚಗೆ ಮಲಗುತ್ತಿದ್ದೆ ಎಂದುಕೊಂಡೀರಿ. ಇಲ್ಲ. ಗೊರಕೆಯ ಯಜಮಾನರು ಜಗಲಿಯಲ್ಲಿರುವಾಗ ಗೊರಕೆ ಮಾತ್ರ ಒಳಗಿನಿಂದ ಬಂದರೆ ಹೇಗೆ? ನಾನು ಕಣ್ಣು ಬಿಟ್ಟುಕೊಂಡೇ ಬೆಳಗು ಮಾಡುತ್ತಿದ್ದೆ. ಶೃಂಗೇರಿಯ ಮದುವೆಯೊಂದರಲ್ಲಿ ಛತ್ರದ ಕೋಣೆಯಲ್ಲಿ ಹದಿನಾಲ್ಕು ಹೆಂಗಸರು ಮಲಗಿದ್ದರು. ನಾನು ಮೂಲೆಯಲ್ಲಿ ಕೂತು ಮರುದಿನದ ಹೂವೆಲ್ಲ ಕಟ್ಟಿ ಮುಗಿಸಿದೆ. "ಶಾರದಕ್ಕನ ಹಂಗೆ ಮೈ ಮುರಿದು ದುಡಿಯೋರು ಯಾರಿದಾರೆ" ಎಂದು ಹೊಗಳಿದರು. ಮುಹೂರ್ತದ ಹೊತ್ತಿಗೆ ಆ ಶಾರದಕ್ಕ ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸಿ ಅಕ್ಷತೆಯನ್ನು ತನ್ನ ಮಡಿಲಿಗೇ ಹಾಕಿಕೊಂಡಳು.

ಈ ಹಗಲು ತೂಕಡಿಕೆಯೇ ನಿಜವಾದ ಕಾಯಿಲೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ, ನನಗಂತೂ ಮೊದಲೇ ಇಲ್ಲ. ಮೈ ಸ್ವಲ್ಪ ಬಂದಿದೆ, ವಯಸ್ಸಾಯಿತು, ಊಟ ಜಾಸ್ತಿಯಾಯಿತು, ಹೀಗೆ ದಿನಕ್ಕೊಂದು ಕಾರಣ ಹೇಳಿಕೊಳ್ಳುತ್ತಿದ್ದೆ. ನಾನು ಕೊಪ್ಪದಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಒಂದು ಮಧ್ಯಾಹ್ನ ಮೂರನೆಯ ತರಗತಿಗೆ ಉಕ್ತಲೇಖನ ಹೇಳುತ್ತಿದ್ದೆ. ಕಮಲ, ಕರಡಿ, ಕಡಲು ಎಂದು ಹೇಳಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ. ಎಚ್ಚರವಾದಾಗ ಒಬ್ಬ ಹುಡುಗಿ ಪುಸ್ತಕ ಹಿಡಿದು ಮೇಜಿನ ಮುಂದೆ ನಿಂತಿದ್ದಳು.

"ಟೀಚರ್, ಕಡೇಲಿ ಹೇಳಿದ್ರಲ್ಲ, ಅದು ಅಲ್ಪಪ್ರಾಣನಾ, ಮಹಾಪ್ರಾಣನಾ?"

ನೋಡಿದರೆ ಪಾಪದ ಮಗು ನನ್ನ ಗೊರಕೆಯನ್ನೂ ಬರೆದುಕೊಂಡಿತ್ತು. 'ಗರ್ರ್' ಎಂದು ಒಮ್ಮೆ ಬರೆದು, ಹೊಡೆದು ಹಾಕಿ, 'ಘರ್ರ್' ಎಂದು ತಿದ್ದಿತ್ತು. ನಾನು ಗಂಭೀರವಾಗಿ ಮಹಾಪ್ರಾಣ ಎಂದೆ. ಅದಕ್ಕೆ ಸರಿ ಗುರುತು ಹಾಕಿದೆ. ಟೀಚರಾದವಳಿಗೆ ಆ ಗಳಿಗೆಯಲ್ಲಿ ಬೇರೆ ದಾರಿ ಇರಲಿಲ್ಲ.

ಆಮೇಲೆ ಎಷ್ಟೋ ದಿನ ಆ ಪ್ರಶ್ನೆ ತಲೆಯಲ್ಲಿ ಕೂತಿತ್ತು. ನಮ್ಮ ವ್ಯಾಕರಣದವರು ಅಕ್ಷರಗಳನ್ನು ಉಸಿರಿನಿಂದ ಅಳೆದಿದ್ದಾರೆ. ಕಡಿಮೆ ಉಸಿರಿನಲ್ಲಿ ಮುಗಿದರೆ ಅಲ್ಪಪ್ರಾಣ, ಉಸಿರು ಚೆಲ್ಲಿ ಹೇಳಿದರೆ ಮಹಾಪ್ರಾಣ. ಉಸಿರಿಗೆ ಪ್ರಾಣವೆಂದೇ ಹೆಸರು ಇಟ್ಟುಬಿಟ್ಟಿದ್ದಾರೆ, ಎರಡಕ್ಕೂ ನಡುವೆ ಸಂದಿಯೇ ಇಲ್ಲ. ನನ್ನ ಅಜ್ಜ ಇನ್ನೊಂದು ಲೆಕ್ಕ ಹೇಳುತ್ತಿದ್ದರು: ಮನುಷ್ಯನಿಗೆ ದೇವರು ಕೊಡುವುದು ಇಂತಿಷ್ಟು ವರ್ಷ ಅಂತಲ್ಲ, ಇಂತಿಷ್ಟು ಉಸಿರು ಅಂತ. ದಿನಕ್ಕೆ ಇಪ್ಪತ್ತೊಂದು ಸಾವಿರದ ಆರುನೂರು. ಓಡಿದರೆ, ಸಿಟ್ಟು ಮಾಡಿದರೆ ಬೇಗ ಮುಗಿಯುತ್ತದೆ. ನಿಧಾನಕ್ಕೆ ಬಿಟ್ಟರೆ ಬಹಳ ದಿನ ಬರುತ್ತದೆ. ಈ ಲೆಕ್ಕ ಹಿಡಿದು ಹೋದರೆ, ನನಗೆ ಆಮೇಲೆ ತಿಳಿದ ಹಾಗೆ, ರಾತ್ರಿಯಲ್ಲಿ ಆಗಾಗ ಉಸಿರನ್ನೇ ನಿಲ್ಲಿಸುತ್ತಿದ್ದ ನಾನು ದೊಡ್ಡ ಉಳಿತಾಯಗಾರ್ತಿ. ಅಜ್ಜ ಇದ್ದಿದ್ದರೆ ನನಗೆ ನೂರು ವರ್ಷ ಗ್ಯಾರಂಟಿ ಎನ್ನುತ್ತಿದ್ದರು. ಅಜ್ಜನ ಲೆಕ್ಕ ತಪ್ಪೆಂದು ತೋರಿಸಿಕೊಟ್ಟದ್ದು ಒಂದು ಪುಟ್ಟ ಯಂತ್ರ.

ಅದಕ್ಕೆ ಮೊದಲು ಆದದ್ದನ್ನು ಹೇಳಬೇಕು. ಅದು ನಗುವ ವಿಷಯವಲ್ಲ.

ನಮಗೆ ಒಬ್ಬಳೇ ಮಗಳು, ಸುಮ. ನರಸಿಂಹರಾಜಪುರಕ್ಕೆ ಕೊಟ್ಟಿದ್ದೇವೆ. ಆ ವರ್ಷ ನವರಾತ್ರಿಗೆ ಬಂದಾಗ ಅವಳಿಗೆ ನಾಲ್ಕು ತಿಂಗಳು. ಪಕ್ಕದ ಮನೆಯ ಜೈನಬಿಯ ಮೊಮ್ಮಗನಿಗೆ ಆಗ ಮೂರು ತಿಂಗಳಿರಬಹುದು. ಜೈನಬಿ ಒಣಗಿದ ಬಟ್ಟೆ ತರುತ್ತೇನೆಂದು ಮಗುವನ್ನು ನನ್ನ ಕೈಗೆ ಕೊಟ್ಟು ಹೋದಳು. ನಾನು ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತಟ್ಟತೊಡಗಿದೆ. ತಟ್ಟಿ ತಟ್ಟಿ ನಾನೇ ಮಲಗಿಬಿಟ್ಟೆ. ಮಗು ಕಾಲ ಮೇಲಿಂದ ಜಾರಿ ಕಲ್ಲಿನ ನೆಲದ ಕಡೆ ವಾಲಿದ್ದನ್ನು ಸುಮ ಅಡಿಗೆಮನೆಯ ಬಾಗಿಲಿನಿಂದ ಕಂಡು ಓಡಿ ಬಂದು ಹಿಡಿದಳು. ಮಗುವಿಗೆ ಏನೂ ಆಗಲಿಲ್ಲ, ಎಚ್ಚರ ಕೂಡ ಆಗಲಿಲ್ಲ. ನನಗೆ ಎಚ್ಚರವಾದಾಗ ಮಗು ಸುಮನ ಎದೆಯ ಮೇಲಿತ್ತು. ಅವಳು ನನ್ನನ್ನು ನೋಡುತ್ತಿದ್ದಳು.

ಮೂರು ವಾರದ ಮೇಲೆ ಫೋನು ಬಂತು, ನನಗಲ್ಲ, ಇವರಿಗೆ. ರಿಸೀವರ್ ಇಟ್ಟ ಮೇಲೆ ಇವರು ಸುಮ್ಮನೆ ಹೊರಗೆ ಹೋಗಿ ತುಳಸಿಕಟ್ಟೆಯ ಹತ್ತಿರ ನಿಂತರು. ನಾನು ಹೋಗಿ ಕೇಳಿದರೆ, ಹೇಳಲೋ ಬೇಡವೋ ಎಂಬಂತೆ ಹೇಳಿದರು.

"ಬಾಣಂತನಕ್ಕೆ ಅಲ್ಲೇ ಇರ್ತಾಳಂತೆ. ಅವಳ ಅತ್ತೆ ನೋಡ್ಕಳ್ತಾರಂತೆ."

"ಚೊಚ್ಚಲು ಹೆರಿಗೆ. ತವರುಮನೆ ಇಲ್ದೋಳಾ ಅವಳು?"

"ನಿನ್ನ ಕೈಲಿ ಮಗು ಕೊಡಕ್ಕೆ ಹೆದರಿಕೆ ಆಗ್ತದೆ ಅಂದ್ಲು ಮಾರಾಯ್ತಿ."

ನನಗೆ ಮೊದಲು ಬಂದದ್ದು ಸಿಟ್ಟು. ಅವಳ ಮೇಲೆ ಬಂತು, ಅವಳ ಅತ್ತೆಯ ಮೇಲೆ ಬಂತು, ಈ ಮಾತನ್ನು ಮುಚ್ಚಿಡದೆ ಹೇಳಿದ ಇವರ ಮೇಲೂ ಬಂತು. ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನೆಲ್ಲ ಸದ್ದು ಮಾಡಿ ಇಟ್ಟೆ. ಆಮೇಲೆ ಒಲೆಕಟ್ಟೆ ಹಿಡಿದುಕೊಂಡು ಅತ್ತುಬಿಟ್ಟೆ. ಮಗಳು ಸುಳ್ಳು ಹೇಳಿದ್ದರೆ ಅಷ್ಟು ಅಳು ಬರುತ್ತಿರಲಿಲ್ಲ. ಅವಳ ಹೆದರಿಕೆ ಸರಿಯಾದದ್ದೇ ಎಂದು ನನಗೆ ಗೊತ್ತಿತ್ತು. ಅಡಿಕೆ ಸುಲಿತದ ಕಾಲದಲ್ಲಿ ಭಾವನ ಮನೆಯಲ್ಲಿ ನನ್ನನ್ನು ಮೆಟ್ಟುಗತ್ತಿಯ ಮೇಲೆ ಕೂರಿಸುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಹರಿತದ ಕತ್ತಿಯ ಮುಂದೆ ತೂಕಡಿಸಿದವಳಿಗೆ ಅಡಿಕೆಯನ್ನೇ ನಂಬಿ ಕೊಡದಿರುವಾಗ ಮಗುವನ್ನು ಯಾರು ಕೊಡುತ್ತಾರೆ?

ಅದೇ ದಿನಗಳಲ್ಲಿ ಪೇಪರಿನ ಆರೋಗ್ಯದ ಪುಟದಲ್ಲಿ ಒಂದು ಲೇಖನ ಬಂದಿತ್ತು. ಗೊರಕೆ ಹೊಡೆಯುವವರಲ್ಲಿ ಕೆಲವರಿಗೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುತ್ತದೆ, ಆಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಹೃದಯ ಗಾಬರಿಯಾಗಿ ಬಡಿದುಕೊಳ್ಳುತ್ತದೆ, ರಾತ್ರಿಯಿಡೀ ಹೀಗಾದರೆ ಹಗಲೆಲ್ಲ ತೂಕಡಿಕೆ ಬರುತ್ತದೆ ಎಂದು ಬರೆದಿತ್ತು. ಮನೆಯಲ್ಲೇ ಮಲಗಿ ಇದನ್ನು ಅಳೆಯಬಹುದಂತೆ. ನಾನು ಆ ಕಾಗದವನ್ನು ಕತ್ತರಿಸಿ ಹಾಜರಿ ಪುಸ್ತಕದೊಳಗಿಟ್ಟೆ. ವಿಚಾರಿಸಿದಾಗ ಶಿವಮೊಗ್ಗದಲ್ಲಿ ಒಬ್ಬ ಡಾಕ್ಟರರ ಹತ್ತಿರ ಆ ಯಂತ್ರ ಇದೆ ಎಂದು ತಿಳಿಯಿತು.

ಈಗ ನಾನು ಮಾಡಿದ ದಡ್ಡತನವನ್ನು ಕೇಳಿ. ಕೊಪ್ಪದ ಅರ್ಧ ಜನ ಕಾಯಿಲೆಗೆ ಹೋಗುವುದು ಶಿವಮೊಗ್ಗಕ್ಕೆ. ಆ ಡಾಕ್ಟರರ ಬಾಗಿಲಲ್ಲಿ ಕೂತ ಹತ್ತು ಜನರಲ್ಲಿ ಇಬ್ಬರಾದರೂ ಗುರುತಿನವರು ಸಿಗುತ್ತಾರೆ. ಕಾಂಪೌಂಡರು "ಶಾರದಾ, ಗೊರಕೆ" ಎಂದು ಕೂಗಿದರೆ ನಾನು ಊರು ಮುಟ್ಟುವ ಮೊದಲೇ ಸುದ್ದಿ ಊರು ಮುಟ್ಟುತ್ತದೆ. ಆದ್ದರಿಂದ ನಾನು ಒಂದು ಉಪಾಯ ಮಾಡಿದೆ. ಹೇಗೂ ಗೊರಕೆ ಇವರ ಹೆಸರಿನಲ್ಲಿದೆ, ಪರೀಕ್ಷೆಯೂ ಇವರ ಹೆಸರಿನಲ್ಲೇ ಆಗಲಿ. ಇವರು ಹೋಗಿ ಯಂತ್ರ ತರುವುದು, ಮನೆಯಲ್ಲಿ ಕಟ್ಟಿಕೊಂಡು ಮಲಗುವುದು ನಾನು. ನಮ್ಮ ಕಾಯಿಲೆ ಡಾಕ್ಟರಿಗೆ ಗೊತ್ತಾದರೆ ಸಾಕು, ನಾವು ಯಾರೆಂದು ಗೊತ್ತಾಗಬೇಕಿಲ್ಲ.

"ಯಾರ ಹತ್ರಾನೂ ಉಸಿರು ಬಿಡಬೇಡಿ ಮತ್ತೆ" ಎಂದೆ ಇವರಿಗೆ.

"ಉಸಿರು ಬಿಡದೇ ಇರೋದು ನಿನ್ನ ಕಾಯಿಲೆ, ನಂದಲ್ಲ" ಎಂದರು ಇವರು.

ಕನ್ನಡದಲ್ಲಿ ಉಸಿರಿನ ಮೇಲೆ ಎಷ್ಟು ಮಾತುಗಳಿವೆ ಎಂದು ನನಗೆ ಗೊತ್ತಾದದ್ದು ಆ ತಿಂಗಳಲ್ಲೇ. ಹೆಡ್‌ಮಾಸ್ಟರು "ಉಸಿರಾಡಕ್ಕೆ ಪುರಸೊತ್ತಿಲ್ಲ" ಎಂದರೆ ನನಗೆ ಎದೆ ಧಸಕ್ಕೆನ್ನುತ್ತಿತ್ತು. ಮಕ್ಕಳಿಗೆ "ಉಸಿರೆತ್ತಬೇಡಿ" ಎಂದು ಗದರಿಸುವುದನ್ನೇ ಬಿಟ್ಟೆ.

ಇವರು ಒಂದು ಸೋಮವಾರ ಹೋಗಿ ಯಂತ್ರ ತಂದರು. ಅಲ್ಲಿದ್ದ ನರ್ಸ್ ತನ್ನ ಬೆರಳಿಗೇ ಹಾಕಿಕೊಂಡು ಹೇಗೆಂದು ತೋರಿಸಿದಳಂತೆ. ಕೈಗಡಿಯಾರಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಮಣಿಕಟ್ಟಿಗೆ ಕಟ್ಟಿಕೊಳ್ಳಲು ಪಟ್ಟಿ, ಅದರಿಂದ ಹೊರಟ ವಯರಿನ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದ್ದು. ಅದನ್ನು ತೋರುಬೆರಳಿಗೆ ಸಿಕ್ಕಿಸಿದರೆ ಒಳಗೆ ಕೆಂಪು ದೀಪ ಹತ್ತುತ್ತದೆ. ಡಬ್ಬಿಯ ಮುಖದಲ್ಲಿ ಎರಡು ಅಂಕಿ. ಒಂದು ಎದೆಬಡಿತ, ಇನ್ನೊಂದು ಆಮ್ಲಜನಕ. ನಾನು ಮೊದಲು ಹಾಕಿಕೊಂಡಾಗ ಎಪ್ಪತ್ತಾರು, ತೊಂಬತ್ತಾರು ಎಂದು ತೋರಿಸಿತು. ನೂರಕ್ಕೆ ತೊಂಬತ್ತಾರು ಬಂದದ್ದು ನೋಡಿ ನನಗೆ ಖುಷಿಯಾಯಿತು. ಜೀವನದಲ್ಲಿ ಯಾವ ಪರೀಕ್ಷೆಯಲ್ಲೂ ಅಷ್ಟು ಬಂದಿರಲಿಲ್ಲ.

ಆ ರಾತ್ರಿಯ ಬಗ್ಗೆ ನಾನು ಹೇಳುವಂಥದ್ದೇನಿಲ್ಲ, ಏಕೆಂದರೆ ನಾನು ಮಲಗಿದ್ದೆ. ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತವರು ಇವರು. ದಿಂಬಿಗೆ ತಲೆ ಕೊಟ್ಟರೆ ಮರುಗಳಿಗೆಗೆ ನಿದ್ದೆ ಹೋಗುವ ಜಾತಿಯವರು, ಇಪ್ಪತ್ತೇಳು ವರ್ಷದಲ್ಲಿ ನನ್ನ ಗೊರಕೆಯನ್ನು ಪೂರ್ತಿ ಕೇಳಿದ್ದೇ ಇಲ್ಲವಂತೆ. ಅಂದು ಮೊದಲ ಸಲ ಕೂತು ನೋಡಿದರು. ಬೆಳಿಗ್ಗೆ ಕಾಫಿ ಹಿಡಿದುಕೊಂಡು ಬಂದ ಮುಖ ನೋಡಿದರೆ ರಾತ್ರಿ ಯಾರದೋ ಮನೆಯ ಸಾವಿಗೆ ಹೋಗಿ ಬಂದವರ ಹಾಗಿತ್ತು.

"ಎಂಬತ್ತಕ್ಕೆ ಇಳೀತು ಶಾರದ. ಎಪ್ಪತ್ತೆಂಟು ಕಂಡೆ ಒಂದ್ಸಲ. ಗೊರಕೆ ನಿಂತು ಹೋಗ್ತದೆ, ನೀನು ಉಸಿರೇ ತಗಳಲ್ಲ, ಅಂಕಿ ಇಳೀತಾ ಹೋಗ್ತದೆ. ಆಮೇಲೆ ಒಂದೇ ಸಲ ಹಾ ಅಂತ ಎಳ್ಕಳ್ತೀಯ. ಇಷ್ಟು ವರ್ಷ ನಾನು ಪಕ್ಕದಲ್ಲೇ ಬಿದ್ಕೊಂಡಿದ್ದೆ, ನೋಡು."

ಇವರ ಕಣ್ಣಲ್ಲಿ ನೀರಿತ್ತು. ಇಪ್ಪತ್ತೇಳು ವರ್ಷ ನನ್ನ ಮಾನ ಕಾಪಾಡಿದವರು ನನ್ನ ಉಸಿರು ಕಾಯಲಿಲ್ಲವೆಂದು ಕೊರಗುತ್ತಿದ್ದರು. ನಾನು ಕೈ ಹಿಡಿದುಕೊಂಡು, ಕಾಫಿಗೆ ಸಕ್ಕರೆ ಹಾಕಿಲ್ಲ ಎಂದೆ.

ಆ ದಿನ ರಜೆ ಹಾಕಿ ನಾನೂ ಶಿವಮೊಗ್ಗಕ್ಕೆ ಹೊರಟೆ, ರೋಗಿಯ ಹೆಂಡತಿಯಾಗಿ. ಡಾಕ್ಟರು ಡಬ್ಬಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದರು. ಪರದೆಯ ಮೇಲೆ ಗೆರೆಯೊಂದು ಆಗುಂಬೆ ಘಾಟಿಯ ದಾರಿಯ ಹಾಗೆ ಇಳಿದು ಹತ್ತಿ ಇಳಿದು ಹತ್ತಿ ಹೋಗಿತ್ತು. ಮೇಲೆ 'ಮಂಜಪ್ಪ, ಗಂಡು, ಐವತ್ತಾರು' ಎಂದು ಬರೆದಿತ್ತು. ಡಾಕ್ಟರು ಗೆರೆಯನ್ನು ನೋಡಿದರು, ಇವರ ಕಡ್ಡಿಯಂಥ ಕತ್ತನ್ನು ನೋಡಿದರು.

"ಹಗಲು ಹೊತ್ತು ನಿದ್ದೆ ಬರುತ್ತಾ?"

"ಬರ್ತದಂತೆ" ಎಂದರು ಇವರು.

"ಬರ್ತದಂತೆ ಅಂದ್ರೆ?"

"ಅಲ್ಲ, ಬರ್ತದೆ."

"ಬೆಳಿಗ್ಗೆ ಎದ್ದಾಗ ತಲೆ ಭಾರ?"

ಇವರು ನನ್ನ ಕಡೆ ನೋಡಿದರಂತೆ. ಡಾಕ್ಟರು ಏನೇನು ಕೇಳಬಹುದೆಂದು ನಾನು ಮೊದಲೇ ಬರೆದುಕೊಟ್ಟ ಪಟ್ಟಿಯಲ್ಲಿ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಡಾಕ್ಟರಿಗೆ ಏನನ್ನಿಸಿತೋ, ಇವರ ಕೈ ಎಳೆದುಕೊಂಡು ಬೆರಳಿಗೆ ಕ್ಲಿಪ್ಪು ಹಾಕಿದರು. ಡಬ್ಬಿಯಲ್ಲಿ ಅಂಕಿಯೇ ಬರಲಿಲ್ಲ, ಬರೀ ಅಡ್ಡಗೆರೆ. ಇನ್ನೊಂದು ಬೆರಳಿಗೆ ಹಾಕಿದರೂ ಅಡ್ಡಗೆರೆ. ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಉಗುರಿನಿಂದ ಗೆಣ್ಣಿನವರೆಗೆ ಕಪ್ಪು.

"ಎಂತದ್ರೀ ಇದು?"

"ಚೊಗರು ಡಾಕ್ಟ್ರೇ. ಅಣ್ಣನ ಮನೇಲಿ ಅಡಿಕೆ ಸುಲಿತ ನಡೀತಿದೆ. ತೊಳೆದ್ರೂ ಹೋಗಲ್ಲ ಅದು."

"ಇದರೊಳಗೆ ನನ್ನ ಮಿಷನ್ ಬೆಳಕೇ ಹಾಯ್ತಿಲ್ಲ. ನಿನ್ನೆ ರಾತ್ರಿ ಮಾತ್ರ ಏಳು ಗಂಟೆ ಹೊತ್ತು ಇಷ್ಟು ಚಂದ ಬರೆದಿದೆ. ಯಾರ ಬೆರಳು ಅದು?"

ಇಲ್ಲಿ ಒಂದು ಮಾತು ಹೇಳಬೇಕು. ಮೇಲಿನ ಸಂಭಾಷಣೆಯಲ್ಲಿ ಮುಕ್ಕಾಲು ಪಾಲು ಇವರು ಆಮೇಲೆ ಹೇಳಿದ್ದು. ಡಾಕ್ಟರರ ಕೋಣೆಯ ಕುರ್ಚಿಗೆ ಮೆತ್ತೆಯಿತ್ತು, ಮೇಲೆ ಫ್ಯಾನು ತಿರುಗುತ್ತಿತ್ತು, ನಾವು ಬೆಳಗ್ಗಿನ ಮೊದಲ ಬಸ್ಸಿಗೆ ಹೊರಟಿದ್ದೆವು. ಯಾರ ಬೆರಳೆಂದು ಡಾಕ್ಟರು ಕೇಳಿದಾಗ ಇವರು ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯಿಂದ ಉತ್ತರ ಬಂತಂತೆ. ಅದೂ ಮಹಾಪ್ರಾಣದಲ್ಲಿ.

ನನಗೆ ಎಚ್ಚರವಾದಾಗ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಡಾಕ್ಟರು ನಗಲಿಲ್ಲ, ಅದು ಅವರ ದೊಡ್ಡತನ. ಕಂಪ್ಯೂಟರಿನಲ್ಲಿದ್ದ ಹೆಸರನ್ನು ಒಂದೊಂದೇ ಅಕ್ಷರ ಅಳಿಸಿ, "ಹೆಸರು ಹೇಳಿಯಮ್ಮ" ಎಂದರು. ಹೇಳಿದೆ. ಗಂಡು ಎಂದಿದ್ದುದು ಹೆಣ್ಣಾಯಿತು. ವಯಸ್ಸನ್ನು ಮಾತ್ರ ಎರಡು ವರ್ಷ ಕಡಿಮೆ ಹೇಳಿದೆ. ಒಂದೇ ದಿನ ಅಷ್ಟೊಂದು ಸತ್ಯ ಹೇಳಿದರೆ ಮೈಗೆ ಆಗಿಬರುವುದಿಲ್ಲ.

ಅವರು ಎಲ್ಲವನ್ನೂ ಬಿಡಿಸಿ ಹೇಳಿದರು. ಮಲಗಿದಾಗ ನನ್ನ ಗಂಟಲು ಸಡಿಲವಾಗಿ ಮುಚ್ಚಿಕೊಳ್ಳುತ್ತದೆ. ಉಸಿರು ಸಿಗದೆ ಮೈ ನನ್ನನ್ನು ಎಬ್ಬಿಸುತ್ತದೆ, ನನಗೆ ಗೊತ್ತಾಗದ ಹಾಗೆ. ಎಂಟು ಗಂಟೆ ಮಲಗಿದರೂ ನಾನು ಮಲಗಿದ ಹಾಗಲ್ಲ. ಸೋಮಾರಿತನವಲ್ಲ ಇದು ಎಂದು ಅವರು ಅಂದಾಗ ನನ್ನ ಹೆಗಲ ಮೇಲಿಂದ ಯಾರೋ ಹೊರೆ ಇಳಿಸಿದ ಹಾಗಾಯಿತು. ಎಷ್ಟು ವರ್ಷದಿಂದ ನನ್ನನ್ನು ನಾನೇ ಸೋಮಾರಿ ಎಂದು ಬೈದುಕೊಂಡಿದ್ದೆ. ಆದರೆ ನನಗೆ ಬೇಕಾಗಿದ್ದ ಉತ್ತರ ಅದಲ್ಲ.

"ಡಾಕ್ಟ್ರೇ, ಮಗೂನ ಎತ್ಕೋಬಹುದಾ ನಾನು?"

ಅವರಿಗೆ ಅರ್ಥವಾಗಲಿಲ್ಲ. ಇವರು ಸುಮನ ಕಥೆ ಹೇಳಿದರು.

"ಈಗ ಬೇಡ" ಎಂದರು ಡಾಕ್ಟರು. "ಗಾಳಿ ಮಿಷನ್ ಹಾಕ್ಕೊಂಡು ಮೂರು ತಿಂಗಳು ದಿನಾ ಮಲಗಿ. ಸ್ವಲ್ಪ ತೂಕ ಇಳಿಸಿ. ಆಮೇಲೆ ಮತ್ತೆ ಈ ಕ್ಲಿಪ್ ಕೊಡ್ತೀನಿ. ಅಂಕಿ ನೋಡಿ, ಹಗಲು ಹೆಂಗಿದೀರಿ ಅಂತ ನೋಡಿ ಹೇಳ್ತೀನಿ."

ಸುಮನಿಗೆ ದಿನ ತುಂಬಲು ನಾಲ್ಕು ತಿಂಗಳಿತ್ತು.

ಮಿಷನ್ನು ಬೆಂಗಳೂರಿನಿಂದ ಬಂತು. ಮೂಗಿಗೆ ಮಾಸ್ಕು, ಅದರಿಂದ ಉದ್ದಕ್ಕೆ ಕೊಳವೆ, ಮಂಚದ ಪಕ್ಕ ಗುಂಯ್ ಎನ್ನುವ ಪೆಟ್ಟಿಗೆ. ಅದು ರಾತ್ರಿಯಿಡೀ ಗಂಟಲಿಗೆ ಗಾಳಿ ಊದಿ ದಾರಿ ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. "ದಿನಾ ಗಣಪತಿ ದರ್ಶನ ಆಗ್ತದೆ ನಂಗೆ" ಎಂದರು ಇವರು. ಮೊದಲ ವಾರ ನಾನು ಅದನ್ನು ಮೂರು ಸಲ ಕಿತ್ತೆಸೆದೆ. ಕರೆಂಟು ಹೋದರೆ ಪೆಟ್ಟಿಗೆ ಸುಮ್ಮನಾಗುತ್ತದೆ, ನಮ್ಮಲ್ಲಿ ಕರೆಂಟು ಹೋಗುವುದಕ್ಕೆ ಕಾರಣವೇ ಬೇಕಿಲ್ಲ. ಇವರು ಇನ್ವರ್ಟರ್ ಹಾಕಿಸಿದರು. ಊರಿಗೆಲ್ಲ ಕತ್ತಲಾದರೂ ನನ್ನ ಮೂಗಿಗೆ ಗಾಳಿ ಬರುವ ಹಾಗಾಯಿತು. ಎರಡನೆಯ ವಾರದ ಒಂದು ಬೆಳಿಗ್ಗೆ ಕಣ್ಣು ಬಿಟ್ಟಾಗ ಏನೋ ಬೇರೆಯಾಗಿದೆ ಅನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನನಗೆ ಎಚ್ಚರವಾಗಿತ್ತು, ಅಷ್ಟೇ. ಪೂರ್ತಿ ಎಚ್ಚರ. ಎಷ್ಟೋ ವರ್ಷದಿಂದ ನಾನು ಹಾಸಿಗೆಯಿಂದ ಏಳುತ್ತಿದ್ದೆನೇ ಹೊರತು ಎಚ್ಚರಗೊಳ್ಳುತ್ತಿರಲಿಲ್ಲ.

ಇದರಿಂದ ನಷ್ಟವಾದದ್ದು ಮೂರನೆಯ ತರಗತಿಯವರಿಗೆ. ಉಕ್ತಲೇಖನ ಮೂರು ಪದಕ್ಕೆ ನಿಲ್ಲದೆ ಮೂವತ್ತರವರೆಗೆ ಹೋಗತೊಡಗಿತು.

ಆ ವಾರವೇ ಸುಮನಿಗೆ ನಾನೇ ಫೋನು ಮಾಡಿದೆ. ಹೇಳುವುದನ್ನು ಹೇಳಿಬಿಡಬೇಕೆಂದು ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ, "ಆ ಗೊರಕೆ ಅಪ್ಪಂದಲ್ಲ ಕಣೆ, ನಂದು" ಎಂದೆ.

"ಗೊತ್ತಮ್ಮ" ಎಂದಳು. "ಹತ್ತು ವರ್ಷ ನಿನ್ನ ಪಕ್ಕ ಮಲಗಿದೀನಿ ನಾನು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅಪ್ಪ ಹೇಳ್ಬೇಡ ಅಂದಿದ್ರು. ನಿಂಗೆ ಬೇಜಾರಾಗ್ತದೆ ಅಂತ."

ನಾನು ಮುಚ್ಚಿಟ್ಟೆನೆಂದುಕೊಂಡಿದ್ದನ್ನು ಇಬ್ಬರೂ ಸೇರಿ ನನ್ನಿಂದಲೇ ಮುಚ್ಚಿಟ್ಟಿದ್ದರು. ನಾನು ಯಂತ್ರದ ಕಥೆಯನ್ನೆಲ್ಲ ಹೇಳಿದೆ. ಕಡೆಯಲ್ಲಿ, "ಡಾಕ್ಟ್ರು ಹ್ಞೂಂ ಅಂದ್ಮೇಲೆ ಬಾ. ಬಂದು ನೀನೇ ನೋಡು. ನಂಬಿಕೆ ಬಂದ್ರೆ ಇರು, ಇಲ್ದಿದ್ರೆ ವಾಪಸ್ ಹೋಗು. ನಾನು ಬೇಜಾರು ಮಾಡ್ಕಳಲ್ಲ" ಎಂದೆ. ಕೊನೆಯ ಮಾತು ಸುಳ್ಳು, ಅದು ಅವಳಿಗೂ ಗೊತ್ತಿತ್ತು.

ಮೂರು ತಿಂಗಳಾದ ಮೇಲೆ ಮತ್ತೆ ಕ್ಲಿಪ್ಪು ತಂದೆವು. ಈ ಸಲ ಕಾಂಪೌಂಡರು ಶಾರದಾ ಎಂದೇ ಕೂಗಿದ. ಬೆಂಚಿನಲ್ಲಿ ಕೂತಿದ್ದ ಬಸರೀಕಟ್ಟೆಯ ಹೆಂಗಸೊಬ್ಬಳು ತಿರುಗಿ ನೋಡಿದಳು, ನಾನೂ ನೋಡಿದೆ, ಆಕಾಶ ಬೀಳಲಿಲ್ಲ. ಮಾಸ್ಕು ಹಾಕಿ ಮಲಗಿದ ಆ ರಾತ್ರಿ ಅಂಕಿ ತೊಂಬತ್ತನಾಲ್ಕರಿಂದ ಕೆಳಗಿಳಿಯಲಿಲ್ಲ. ಘಾಟಿ ದಾರಿ ಹೋಗಿ ಗದ್ದೆಯ ಬದುವಿನ ಹಾಗೆ ನೆಟ್ಟಗಿದ್ದ ಗೆರೆಯನ್ನು ಡಾಕ್ಟರು ತಿರುಗಿಸಿ ತೋರಿಸಿದರು. ಹಗಲು ಕೂತಲ್ಲಿ ನಿದ್ದೆ ಬಂದು ಎಷ್ಟು ದಿನವಾಯಿತೆಂದು ಕೇಳಿದರು. ಲೆಕ್ಕ ತಪ್ಪಿಹೋಗಿದೆ ಎಂದೆ. "ಎತ್ಕೊಳ್ಳಿ ಮೊಮ್ಮಗೂನ. ರಾತ್ರಿ ಮಿಷನ್ ಮಾತ್ರ ಬಿಡಬೇಡಿ" ಎಂದರು.

ಸುಮ ಬಂದಳು. ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ಡಾಕ್ಟರರ ಕಾಗದ ನಂಬಿದಷ್ಟು ಸುಲಭವಾಗಿ ತಾಯಿಯ ಜೀವ ನಂಬುತ್ತದೆಯೇ? ಮಗುವನ್ನು ನನ್ನ ಕೈಗೆ ಕೊಟ್ಟಾಗಲೆಲ್ಲ ಅವಳು ಪಕ್ಕದ ಮಂಚದಲ್ಲಿ ಮಲಗಿದ ಹಾಗೆ ಮಾಡಿ ಒಂದು ಕಣ್ಣು ಬಿಟ್ಟುಕೊಂಡಿರುತ್ತಿದ್ದಳು. ನಾನು ಎಣ್ಣೆ ಹಚ್ಚುವಾಗ, ಕಾಲ ಮೇಲೆ ಹಾಕಿಕೊಂಡು ನೀರೆರೆಯುವಾಗ ಬಾಗಿಲಿಗೆ ಒರಗಿ ನಿಂತಿರುತ್ತಿದ್ದಳು. ನಾನು ಗೊತ್ತಿಲ್ಲದವಳ ಹಾಗೆ ಇರುತ್ತಿದ್ದೆ. ಅವಳು ಎಚ್ಚರವಿದ್ದು ನನ್ನನ್ನು ಕಾಯುವುದು, ನಾನು ಎಚ್ಚರವಿದ್ದೇನೆಂದು ತೋರಿಸಲು ಸುಮ್ಮಸುಮ್ಮನೆ ಹಾಡುವುದು, ಹೀಗೇ ಮೂರು ವಾರ ಹೋಯಿತು. ಬಾಣಂತಿಯ ಕಣ್ಣ ಕೆಳಗೆ ಕಪ್ಪು ಕಟ್ಟಿತು. ಬೈಯುವಂತಿಲ್ಲ, ಬೇಡುವಂತೆಯೂ ಇಲ್ಲ. ನಂಬು ಎಂದು ಯಾರನ್ನಾದರೂ ಒತ್ತಾಯ ಮಾಡಲಾಗುತ್ತದೆಯೇ?

ಒಂದು ಮಧ್ಯಾಹ್ನ ಜಯಪುರದಿಂದ ಅಕ್ಕ ಬಂದರು, ಭಾವನ ಹೆಂಡತಿ, ಮಗುವನ್ನು ನೋಡಲು. ಸುಮ ಅವರನ್ನು ಮಾತಾಡಿಸಿ, ಮಗುವನ್ನು ನನ್ನ ಕಾಲ ಮೇಲೆ ಹಾಕಿ, ಒಳಗಿನ ಕೋಣೆಗೆ ಹೋದಳು. ಬಾಗಿಲನ್ನು ಅರ್ಧ ಎಳೆದುಕೊಂಡಳು. ಇವರು ಕಿಟಕಿಯ ಹತ್ತಿರ ಪೇಪರು ಓದುತ್ತಿದ್ದರು. ಅಕ್ಕ ತಂದ ಕೊಟ್ಟೆಕಡುಬಿನ ವಿಷಯ, ಮೆಣಸಿನ ಬಳ್ಳಿಯ ವಿಷಯ ಮಾತಾಡುತ್ತಿದ್ದೆವು. ಇದ್ದಕ್ಕಿದ್ದಂತೆ ಒಳಗಿನಿಂದ ಸದ್ದು ಬಂತು. ಸಣ್ಣದಾಗಿ ಶುರುವಾಗಿ ಹದಕ್ಕೆ ಬಂದ ಗೊರಕೆ.

ಅಕ್ಕ ಮಾತು ನಿಲ್ಲಿಸಿ, ಅಭ್ಯಾಸ ನೋಡಿ, ಇವರ ಕಡೆ ತಿರುಗಿದರು. ಇವರೂ ಅಭ್ಯಾಸ ನೋಡಿ, ಪೇಪರಿನಿಂದ ತಲೆಯೆತ್ತದೆ, "ನಂದೇ ಅತ್ತಿಗೆ" ಎಂದರು.

ನನಗೆ ನಗು ತಡೆಯಲಾಗಲಿಲ್ಲ, ಕಾಲು ಅಲುಗಿ ಮಗು ಒಮ್ಮೆ ತುಟಿ ಚಪ್ಪರಿಸಿತು.

"ಸುಮಂದು ಅಕ್ಕ" ಎಂದೆ. "ಮಲಗಿದಾಳೆ."

"ಹೆಣ್ಣುಹುಡುಗಿ ಹಿಂಗೆ ಗೊರಕೆ ಹೊಡೆಯದಾ?" ಎಂದರು ಅಕ್ಕ ದನಿ ತಗ್ಗಿಸಿ. "ಎಬ್ಬಿಸು ಮಾರಾಯ್ತಿ. ಯಾರಾದ್ರೂ ಬಂದ್ರೆ ಎಂತ ತಿಳ್ಕಳ್ತಾರೆ?"

ನಾನು ಎಬ್ಬಿಸಲಿಲ್ಲ. ಸದ್ದಿನ ನಡುವೆ ಎಲ್ಲಾದರೂ ತಡೆಯುತ್ತದೆಯೇ ಎಂದು ಸ್ವಲ್ಪ ಹೊತ್ತು ಕಿವಿಗೊಟ್ಟೆ. ಇಲ್ಲ, ಒಂದೇ ಸಮ ಬರುತ್ತಿತ್ತು. ದಣಿದವಳ ಗೊರಕೆ. ಮೂರು ವಾರದಲ್ಲಿ ಅವಳು ಎರಡೂ ಕಣ್ಣು ಮುಚ್ಚಿದ್ದು ಅಂದೇ ಮೊದಲು. ಮಗುವನ್ನು ಎಲ್ಲಿ ಬಿಟ್ಟು ಅಷ್ಟು ನೆಮ್ಮದಿಯಾಗಿ ಮಲಗಿದ್ದಾಳೆ ಎಂಬುದನ್ನು ಅಕ್ಕನಿಗೆ ಹೇಗೆ ಬಿಡಿಸಿ ಹೇಳಲಿ? ಮಗುವಿನ ಹೊದಿಕೆ ಸರಿಮಾಡಿ, "ಹೊಡೀಲಿ ಬಿಡಿ ಅಕ್ಕ, ನಾನು ಎಚ್ಚರ ಇದೀನಲ್ಲ" ಎಂದೆ.